ಬೆನ್ನ ಹಿಂದಿನ ನೆರಿಗೆ

ಗಂಡಸಿನ ಸೊಂಟಕ್ಕೆ ಎಂಟು ಗಜ ಬಟ್ಟೆ ಸುತ್ತಿ, ಅದರಲ್ಲಿ ಮುಕ್ಕಾಲು ಪಾಲನ್ನು ಅವನ ಕಣ್ಣಿಗೇ ಬೀಳದ ಹಿಂಬದಿಯಲ್ಲಿ ನೆರಿಗೆ ಮಾಡಿ ಕೂರಿಸಬೇಕು ಎಂದು ಮೊದಲು ಯೋಚಿಸಿದವನು ಯಾರೋ ಏನೋ, ಅವನಿಗೆ ಖಂಡಿತ ಹೆಂಡತಿ ಇದ್ದಿರಬೇಕು. ಹಿಂದೆ ನಿಂತು "ಚೆನ್ನಾಗಿದೆ" ಎನ್ನುವವರು ಒಬ್ಬರಿದ್ದರೆ ತಾನೇ ಇಂಥ ಯೋಚನೆ ಬರುವುದು? ಡೂಗಲ್ ರಿಂಟೂಲ್‌ಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಅವನ ಸಂಕಟಕ್ಕೆಲ್ಲ ಮೂಲ ಅದೇ.

ಆ ಶನಿವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ಬಿದ್ದಿತ್ತು. ಗಂಡಸರು ಲಂಗದಂತೆ ಉಡುವ ಈ ನೆರಿಗೆ ಉಡುಪು, ಅಂದರೆ ಕಿಲ್ಟ್, ಹೊಲಿಯುವ ಮಿಸ್ ಕ್ಲೂನಿಯ ಕೈಬರಹ. "ರಿಂಟೂಲ್ ಅವರೇ, ನಿಮ್ಮ ಬಟ್ಟೆ ನನ್ನ ಮೇಜಿನ ಮೇಲೆ ಆರು ವಾರದಿಂದ ಮಲಗಿದೆ. ಚೌಕಳಿ ನೆರಿಗೆಯೋ ಪಟ್ಟೆ ನೆರಿಗೆಯೋ, ಇವತ್ತು ಸಾಯಂಕಾಲ ಐದರೊಳಗೆ ತಿಳಿಸಿ. ಒಂದು ಮದುವೆಯವರ ಆರು ಕಿಲ್ಟ್ ಕಾಯುತ್ತಿವೆ. ಇವತ್ತು ಹೇಳಿದರೆ ಮೊದಲು ನಿಮ್ಮದು, ಇಲ್ಲದಿದ್ದರೆ ಹೊಸ ವರ್ಷದ ಆಚೆಗೆ."

ಹೊಸ ವರ್ಷದ ಆಚೆಗೆ ಹೋದರೆ ಆ ಕಿಲ್ಟ್ ಇದ್ದರೆಷ್ಟು ಬಿಟ್ಟರೆಷ್ಟು. ನವೆಂಬರ್ ಕೊನೆಯ ಭಾನುವಾರ ಸಂತ ಆಂಡ್ರೂ ಹಬ್ಬ. ಅವತ್ತು ಆಕ್‌ಮೋರ್ ಊರಿನ ಗಂಡಸರೆಲ್ಲ ಕಿಲ್ಟ್ ಉಟ್ಟು ಚರ್ಚಿಗೆ ಬರುತ್ತಾರೆ, ಡೂಗಲ್ ಒಬ್ಬನನ್ನು ಬಿಟ್ಟು. ಐವತ್ತೇಳು ವರ್ಷದ ಈ ಮನುಷ್ಯ ಪ್ರತಿ ಹಬ್ಬಕ್ಕೂ ಕಂದು ಕೋಟು ಕಂದು ಪ್ಯಾಂಟಿನಲ್ಲೇ ಬಂದು ಕೂತು ಎದ್ದು ಹೋಗಿದ್ದ. ಈ ವರ್ಷ ಏನು ಬಂತೋ, ಸೆಪ್ಟೆಂಬರಿನಲ್ಲಿ ಹೋಗಿ ಹಸಿರು ನೀಲಿಯ ಮೇಲೆ ಸಣ್ಣ ಕೆಂಪು ಗೆರೆಯ ಬಟ್ಟೆ ಆರಿಸಿ, ಸೊಂಟದ ಅಳತೆ ಕೊಟ್ಟು ಬಂದಿದ್ದ. ಅಲ್ಲಿಗೆ ಅವನ ಧೈರ್ಯ ಮುಗಿದಿತ್ತು.

ನೆರಿಗೆಯ ವಿಷಯ ಇಷ್ಟೇ. ಬಟ್ಟೆಯ ಚೌಕಗಳು ಹಿಂದೆಯೂ ಹಾಗೇ ಮುಂದುವರಿದು, ಮಡಿಸಿಯೇ ಇಲ್ಲವೇನೋ ಎನ್ನುವಂತೆ ಕಾಣುವ ಹಾಗೆ ಹೊಲಿದರೆ ಅದು ಚೌಕಳಿ ನೆರಿಗೆ. ಪ್ರತಿ ಮಡಿಕೆಯ ನೆತ್ತಿಗೂ ಒಂದೇ ಗೆರೆ ಬರುವಂತೆ ಹೊಲಿದರೆ ಅದು ಪಟ್ಟೆ ನೆರಿಗೆ. ನಿಂತಾಗ ಬರೀ ಪಟ್ಟೆ, ನಡೆದಾಗ ಒಳಗೆ ಅಡಗಿದ್ದ ಬಣ್ಣ ಒಮ್ಮೆ ಇಣುಕಿ ಹೋಗುತ್ತದೆ. ಬೇರೆಯವರು ಇದನ್ನು ಅಳತೆ ಕೊಡುವ ಹೊತ್ತಿನಲ್ಲೇ ಹೇಳಿ ಮುಗಿಸುತ್ತಾರೆ. ಡೂಗಲ್ ಆರು ವಾರದಲ್ಲಿ ಒಂಬತ್ತು ಸಲ ಮಿಸ್ ಕ್ಲೂನಿಯ ಅಂಗಡಿಗೆ ಹೋಗಿ, ಎರಡನ್ನೂ ಮಡಿಸಿ ತೋರಿಸಲು ಹೇಳಿ, "ಯೋಚನೆ ಮಾಡಿ ಹೇಳ್ತೀನಿ" ಎಂದು ವಾಪಸು ಬಂದಿದ್ದ.

ಅವನ ತಾಪತ್ರಯ ಏನೆಂದು ಅವನಿಗೆ ಮಾತ್ರ ಗೊತ್ತು. ಚರ್ಚಿನಲ್ಲಿ ಅವನ ಹಿಂದಿನ ಬೆಂಚಿನಲ್ಲಿ ಮಿಸೆಸ್ ಮಂಕರ್ ಕೂರುತ್ತಾರೆ. ಗಂಡ ತೀರಿಹೋಗಿ ಬಹಳ ಕಾಲವಾಗಿದೆ. ಸೇತುವೆಯ ಪಕ್ಕದ ಉಣ್ಣೆ ಅಂಗಡಿ ಅವರದು. ಹನ್ನೊಂದು ವರ್ಷದ ಹಿಂದೆ, ತಾಯಿಯನ್ನು ಮಣ್ಣು ಮಾಡಿದ ವಾರ, ಪ್ರವಚನದ ನಡುವೆ ಡೂಗಲ್‌ಗೆ ಗಂಟಲು ಕಟ್ಟಿ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂಬುದು ಸುತ್ತ ಕೂತವರಿಗೆಲ್ಲ ಗೊತ್ತಿತ್ತು, ಯಾರೂ ಅಲ್ಲಾಡಲಿಲ್ಲ. ಆಗ ಹಿಂದಿನಿಂದ ಬೂದು ಕೈಗವಸಿನ ಒಂದು ಕೈ ಅವನ ಭುಜದ ಮೇಲೆ ಬಂತು. ಅಂಗೈಯಲ್ಲಿ ಒಂದು ಬಿಳಿ ಪೆಪ್ಪರಮಿಂಟ್.

ಅವತ್ತಿನಿಂದ ಪ್ರತಿ ಭಾನುವಾರ, ಪಾದ್ರಿಗಳು ಪ್ರವಚನ ಶುರುಮಾಡಿದ ಕೂಡಲೇ ಆ ಕೈ ಬರುತ್ತದೆ. ಡೂಗಲ್ "ಥ್ಯಾಂಕ್ಸ್" ಎನ್ನುತ್ತಾನೆ, ತಿರುಗುವುದಿಲ್ಲ. ಆ ಚರ್ಚಿನಲ್ಲಿ ತಿರುಗಿ ನೋಡುವ ಪದ್ಧತಿ ಇಲ್ಲ. ಪ್ರಾರ್ಥನೆ ಮುಗಿದ ಮೇಲೆ ಹಿಂದಿನವರು ಮೊದಲು ಹೊರಡುತ್ತಾರೆ, ಮುಂದಿನವರು ಆಮೇಲೆ. ಹಾಗಾಗಿ ಡೂಗಲ್‌ಗೆ ಸಿಗುವುದು ಬಾಗಿಲು ದಾಟುತ್ತಿರುವ ಮಿಸೆಸ್ ಮಂಕರ್ ಅವರ ಟೋಪಿ ಮಾತ್ರ. ವಾರಕ್ಕೊಂದು ಪೆಪ್ಪರಮಿಂಟ್, ಒಂದು ಥ್ಯಾಂಕ್ಸು. ಅವನ ಮಟ್ಟಿಗೆ ಅದೇ ಸಂಸಾರ.

ಇದು ಬಿಟ್ಟರೆ ಅವನ ಜೊತೆ ಮಾತಾಡುವವರು ಯಾರು? ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಗಾಜಿನ ಆಚೆಯಿಂದ ಜನ ಊರಿನ ಹೆಸರು ಹೇಳುತ್ತಾರೆ, ಅಷ್ಟೇ. ಸಾಯಂಕಾಲ ಮನೆಗೆ ಬಂದು ಒಲೆಯ ಮೇಲೆ ನೀರಿಟ್ಟಾಗ, ಮೌನ ತಡೆಯದೆ, "ಚಹಾ ನಾಲ್ಕು ನಿಮಿಷ ತಡವಾಗಿ ಬರಲಿದೆ" ಎಂದು ತಾನೇ ಘೋಷಣೆ ಮಾಡುತ್ತಿದ್ದ. ನಗುವವರೂ ಇಲ್ಲ, ದೂರು ಕೊಡುವವರೂ ಇಲ್ಲ. ಇಂಥವನಿಗೆ ಮುಖ ತೋರಿಸುವ ಧೈರ್ಯ ಇಲ್ಲದಿದ್ದರೆ ಬೆನ್ನನ್ನಾದರೂ ಚೆನ್ನಾಗಿ ತೋರಿಸೋಣ ಎನಿಸಿದ್ದರಲ್ಲಿ ತಪ್ಪೇನು? ಆದರೆ ಮಿಸೆಸ್ ಮಂಕರ್‌ಗೆ ಯಾವ ನೆರಿಗೆ ಹಿಡಿಸುತ್ತದೆ? ಕೇಳೋಣವೆಂದರೆ ಬಾಯಿಲ್ಲ. ಕೇಳದೆ ಹೊಲಿಸೋಣವೆಂದರೆ ಮನಸ್ಸಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವಂತೆ ಆರು ವಾರ ಕಳೆದುಹೋಗಿತ್ತು.

ಚೀಟಿ ಹಿಡಿದು ಗೇಟಿನ ಬಳಿ ನಿಂತದ್ದೇ ತಪ್ಪಾಯಿತು. ಪಕ್ಕದ ಮನೆಯ ಸಾರ್ಜೆಂಟ್ ಟಲಕ್ ಬೇಲಿಯ ಮೇಲಿಂದ ಕತ್ತು ಚಾಚಿ ಚೀಟಿಯನ್ನು ಪೂರ್ತಿ ಓದಿದರು. ಸೈನ್ಯದಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದ್ದರೂ ಅವರ ಸ್ವರಕ್ಕೆ ಇನ್ನೂ ನಿವೃತ್ತಿ ಆಗಿರಲಿಲ್ಲ.

"ಇದಕ್ಕೆ ಯೋಚನೆ ಬೇರೆ ಮಾಡ್ಬೇಕೇನಯ್ಯಾ? ಪಟ್ಟೆ. ಸೈನ್ಯದಲ್ಲಿ ಪಟ್ಟೆ, ಮೆರವಣಿಗೇಲಿ ಪಟ್ಟೆ. ಚೌಕಳಿ ಅನ್ನೋದು ಪರದೆ ಬಟ್ಟೆಗೆ" ಎಂದರು.

ಹೇಳಿ ಸುಮ್ಮನಿದ್ದರೆ ಅವರು ಸಾರ್ಜೆಂಟ್ ಹೇಗಾದಾರು? ಒಳಗೆ ಹೋಗಿ ತಮ್ಮ ಹಳೆಯ ಕಿಲ್ಟನ್ನು ಪೈಜಾಮದ ಮೇಲೆಯೇ ಬಿಗಿದುಕೊಂಡು ಬಂದರು. ಹೊಟ್ಟೆ ಸುತ್ತಿ ಬಂದ ಪಟ್ಟಿಗೂ ಬಕಲಿಗೂ ಒಂದು ಗೇಣು ಅಂತರವಿತ್ತು. ಅದನ್ನು ಹಗ್ಗದಿಂದ ಜೋಡಿಸಿದ್ದರು. ಡೂಗಲ್‌ನನ್ನು ಎಲೆಕೋಸಿನ ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂರಿಸಿ, "ಕಣ್ಣು ನೆರಿಗೆ ಮೇಲಿರಲಿ" ಎಂದು ಅಪ್ಪಣೆ ಮಾಡಿ, ಅಂಗಳದ ಉದ್ದಕ್ಕೂ ಕವಾಯತು ನಡೆದರು. ಮೂರನೆಯ ಸುತ್ತಿನಲ್ಲಿ ಎಡಕ್ಕೆ ತಿರುಗುವಾಗ ಬಕಲು ಪಟ್ಟನೆ ಕಿತ್ತು ಎಲೆಕೋಸಿನೊಳಗೆ ಹಾರಿತು. ಹಗ್ಗವೂ ಅದರ ಹಿಂದೆಯೇ ಹೋಯಿತು. ಪೈಜಾಮ ತೊಟ್ಟಿದ್ದಕ್ಕೆ ಊರಿನ ಮರ್ಯಾದೆ ಉಳಿಯಿತು.

ಇಬ್ಬರೂ ಮಂಡಿಯೂರಿ ಬಕಲು ಹುಡುಕುತ್ತಿರುವಾಗ ಸಾರ್ಜೆಂಟ್ ಕೇಳಿದರು. "ಅದಿರಲಿ, ನಿನ್ನ ಹಿಂದೆ ನಿಂತು ಇದನ್ನ ನೋಡೋರು ಯಾರು?"

"ಯಾರೂ ಇಲ್ಲ" ಎಂದ ಡೂಗಲ್.

"ಯಾರೂ ಇಲ್ಲದ ಮೇಲೆ ಗೋಣಿಚೀಲ ಉಟ್ಕೊಂಡ್ರೂ ನಡೀತದಲ್ಲೋ."

ಅವರು ತಮಾಷೆಗೆ ಹೇಳಿದ್ದು. ಡೂಗಲ್‌ಗೆ ಅದು ಎದೆಗೇ ನಾಟಿತು. ಬಕಲು ಸಿಕ್ಕಿತೋ ಇಲ್ಲವೋ ನೋಡದೆ ಮಣ್ಣು ಕೊಡವಿಕೊಂಡು ಎದ್ದು, ಬ್ರೆಡ್ಡಿನ ನೆಪ ಹೇಳಿ ನೆಟ್ಟಿಯ ಬೇಕರಿ ಕಡೆ ನಡೆದ.

ನೆಟ್ಟಿಯ ಬೇಕರಿಯಲ್ಲಿ ಶನಿವಾರ ಬೆಳಿಗ್ಗೆ ಬ್ರೆಡ್ಡಿಗಿಂತ ಸುದ್ದಿ ಬಿಸಿಯಾಗಿರುತ್ತದೆ. ಡೂಗಲ್ ಅಂಗಡಿಯೊಳಗೆ ಕಾಲಿಡುವ ಹೊತ್ತಿಗಾಗಲೇ ಎಲೆಕೋಸಿನ ಕತೆ ಅಲ್ಲಿಗೆ ತಲುಪಿತ್ತು. ನೆಟ್ಟಿ ಹಿಟ್ಟಿನ ಕೈಯಲ್ಲೇ ಒಂದು ಕಾಗದದ ಚೀಲ ಹರಿದು, ಅದರ ಮೇಲೆ ಚೌಕ ಗೀಚಿ, ಎರಡು ಬಗೆಯಾಗಿ ಮಡಿಸಿ ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸಿದಳು. ಆಮೇಲೆ ಚೌಕಳಿಯವರು ಒಲೆಯ ಕಡೆ, ಪಟ್ಟೆಯವರು ಬಾಗಿಲ ಕಡೆ ನಿಲ್ಲಬೇಕೆಂದು ಸಾರಿದಳು. ಹೊರಗೆ ಚಳಿ ಇದ್ದುದರಿಂದ ಒಲೆಯ ಕಡೆ ನೂಕುನುಗ್ಗಲಾಯಿತು. ನೆಟ್ಟಿ ಅದನ್ನು ಚೌಕಳಿಯ ಗೆಲುವು ಎಂದು ಘೋಷಿಸಿಬಿಟ್ಟಳು. ಮಾಂಸದಂಗಡಿಯವನು ಒಪ್ಪಲಿಲ್ಲ. ಪಟ್ಟೆಯ ಪರವಾಗಿ ಅವನೊಬ್ಬನೇ ಕಾಲು ಗಂಟೆ ವಾದ ಮಾಡಿದ.

ಹೇಳಲು ನಾಚಿಕೆಯಾದರೂ ನಿಜ ಹೇಳಿಬಿಡುತ್ತೇನೆ, ಡೂಗಲ್‌ಗೆ ಖುಷಿಯಾಗಿತ್ತು. ಇಷ್ಟೊಂದು ಜನ ಅವನ ಹೆಸರು ಹಿಡಿದು ಮಾತಾಡಿದ್ದು ತಾಯಿಯ ಶವಯಾತ್ರೆಯ ದಿನ ಬಿಟ್ಟರೆ ಇವತ್ತೇ. ಯಾರೋ ಅವನ ಬೆನ್ನು ತಟ್ಟಿದರು. ಯಾರೋ ಅವನಿಗೊಂದು ಬನ್ನು ಕೊಡಿಸಿದರು. ಇದು ಐದು ಗಂಟೆಗೆ ಮುಗಿದುಹೋಗುತ್ತದಲ್ಲ ಎಂದು ಅವನಿಗೆ ಆಗಲೇ ಬೇಸರ ಶುರುವಾಗಿತ್ತು.

ಅಷ್ಟರಲ್ಲಿ ನೆಟ್ಟಿ ಕಾಗದ ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು.

"ಅಲ್ಲಪ್ಪಾ, ಐವತ್ತೇಳು ವರ್ಷ ಪ್ಯಾಂಟಲ್ಲೇ ಇದ್ದೋನಿಗೆ ಈಗ ಬೆನ್ನಿನ ಚಿಂತೆ ಯಾಕೆ ಬಂತು? ಯಾರಿಗೋಸ್ಕರ ಇದೆಲ್ಲ?"

ಡೂಗಲ್ ಬನ್ನು ನೋಡಿದ.

"ಆರು ವಾರದಿಂದ ಮಿಸ್ ಕ್ಲೂನಿ ಮೆಟ್ಟಿಲು ಹತ್ತಿ ಇಳಿದು ಸವೆಸಿದೀಯಂತಲ್ಲ. ನೆರಿಗೆ ನೋಡೋಕೆ ಒಂಬತ್ತು ಸಲ ಯಾರಾದ್ರೂ ಹೋಗ್ತಾರಾ? ಅಲ್ಲೇ ಇದೆ ಅನ್ನು ವಿಷಯ."

ಇಲ್ಲ ಎನ್ನಬೇಕಿತ್ತು. ಎರಡಕ್ಷರದ ಮಾತು ಅದು. ಆದರೆ ಇಲ್ಲ ಎಂದರೆ "ಮತ್ತೆ ಯಾರಿಗೆ?" ಎಂಬ ಪ್ರಶ್ನೆ ಬರುತ್ತದೆ. ಆ ಹೆಸರನ್ನು ಈ ಜನರ ಬಾಯಿಗೆ ಕೊಡುವುದಕ್ಕಿಂತ ಸುಮ್ಮನಿರುವುದೇ ವಾಸಿ ಎಂದುಕೊಂಡು ಡೂಗಲ್ ಕೆಂಪಗಾಗಿ ಬನ್ನು ಕಚ್ಚಿದ. ಮೌನಂ ಸಮ್ಮತಿ ಲಕ್ಷಣಂ. ಅಂಗಡಿಗೆ ಅಂಗಡಿಯೇ "ಓಹೋ" ಎಂದಿತು.

"ನನಗೂ ಹಾಗೇ ಅನ್ನಿಸಿತ್ತು" ಎಂಬ ಒಂದು ಮೆಲುದನಿ ಬಾಗಿಲ ಕಡೆಯಿಂದ ಬಂತು.

ಡೂಗಲ್ ತಿರುಗಿದ. ಮಿಸೆಸ್ ಮಂಕರ್ ನಿಂತಿದ್ದರು, ಬೂದು ಕೈಗವಸು, ಕೈಯಲ್ಲಿ ಬುಟ್ಟಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹನ್ನೊಂದು ವರ್ಷದಲ್ಲಿ ಅವರ ಮುಖವನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದೇ ಇಲ್ಲ. ಕಣ್ಣು ನೀಲಿ ಎಂದುಕೊಂಡಿದ್ದ. ಕಂದು ಇತ್ತು. ಅವರು ಹೇಳಿದ ಮಾತು ಯಾವುದಕ್ಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ನೀವು... ನಿಮಗೆ ಯಾವುದು ಚೆಂದ ಅನ್ನಿಸುತ್ತೆ?" ಎಂದು ಕೇಳಿಯೇಬಿಟ್ಟ. ಬನ್ನಿನ ಚೂರು ಕೋಟಿನ ಮೇಲೆ ಬಿತ್ತು.

ಅವರು ಕಾಗದದ ಎರಡು ಮಡಿಕೆಗಳನ್ನೂ ಕೈಗೆತ್ತಿಕೊಂಡು ನಿಧಾನವಾಗಿ ನೋಡಿದರು. "ಪಟ್ಟೆ" ಎಂದರು. "ನಿಂತಿದ್ದಾಗ ಒಳಗೇನಿದೆ ಅಂತ ಗೊತ್ತಾಗಲ್ಲ. ನಡೆದಾಗ ಕಾಣುತ್ತೆ. ಒಳಗಿರೋದನ್ನ ಒಂದು ಸಲವಾದ್ರೂ ತೋರಿಸಿಬಿಡೋದು ಒಳ್ಳೇದು, ರಿಂಟೂಲ್ ಅವರೇ. ಕೆಂಪು ಗೆರೆ ಮೇಲೆ ಬರ್ಲಿ. ಮಿಸ್ ಕ್ಲೂನಿ ಕೈಯಲ್ಲಿ ಪಟ್ಟೆ ಬಹಳ ಚೆನ್ನಾಗಿ ಬರುತ್ತೆ."

ಅಷ್ಟು ಹೇಳಿ, ನೆಟ್ಟಿ ಕಟ್ಟಿಟ್ಟ ಬ್ರೆಡ್ಡನ್ನೂ ಮರೆತು ಹೊರಟುಹೋದರು. ಡೂಗಲ್ ಪೊಟ್ಟಣ ಹಿಡಿದು ಬಾಗಿಲಿಗೆ ಓಡುವಷ್ಟರಲ್ಲಿ ಟೋಪಿ ತಿರುವಿನಲ್ಲಿ ಮರೆಯಾಗಿತ್ತು. ಹನ್ನೆರಡೂವರೆಗೆ ಅವನ ಪಾಳಿ. ಪೊಟ್ಟಣವನ್ನು ನೆಟ್ಟಿಗೆ ವಾಪಸು ಕೊಟ್ಟು ನಿಲ್ದಾಣಕ್ಕೆ ಹೋದ. ಹೋದ ಎನ್ನುವುದಕ್ಕಿಂತ ತೇಲಿದ ಎನ್ನಬೇಕು. ಹನ್ನೊಂದು ವರ್ಷದ ಮೇಲೆ ಮಾತಾಡಿದರು, ಹೆಸರು ಹಿಡಿದು ಕರೆದರು, ಗೆರೆಯ ಬಣ್ಣ ಕೂಡ ಹೇಳಿದರು. ಇನ್ನೇನು ಬೇಕು?

ಮಧ್ಯಾಹ್ನವೆಲ್ಲ ಟಿಕೆಟ್ ಕಿಟಕಿಯಲ್ಲಿ ಸಂತೆ. ಪರ್ತ್ ಎಂದು ಹೇಳಿ ಹೋಗುತ್ತಿದ್ದವರು ಇವತ್ತು ನಿಂತು ನಗುತ್ತಿದ್ದರು. ಒಬ್ಬ ಮುದುಕಿ ಗಾಜಿನ ಕೆಳಗಿನ ಸಂದಿಯಿಂದ ಅವನ ಕೈ ಹಿಡಿದು, ದೇವರು ಒಳ್ಳೆಯದು ಮಾಡಲಿ ಎಂದಳು. ನೆರಿಗೆಗೆ ಇಷ್ಟು ಆಶೀರ್ವಾದ ಏಕೆ ಎಂದು ಅವನಿಗೆ ಹೊಳೆಯಲಿಲ್ಲ. ಸಂತೋಷದಲ್ಲಿರುವವನಿಗೆ ಅನುಮಾನ ಎಲ್ಲಿಂದ ಬರಬೇಕು? ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಈ ಗಡಿಬಿಡಿಯಲ್ಲಿ ಪರ್ತ್ ರೈಲು ನಾಲ್ಕು ನಿಮಿಷ ತಡವಾಗಿ ಹೊರಟಿತು, ಅದನ್ನು ಅವನು ಎಷ್ಟು ಉಲ್ಲಾಸದಿಂದ ಘೋಷಿಸಿದನೆಂದರೆ ಪ್ಲಾಟ್‌ಫಾರ್ಮಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಪಾಳಿ ಮುಗಿಸಿ ಬರುವ ದಾರಿಯಲ್ಲಿ ಅವನೊಂದು ನಿರ್ಧಾರ ಮಾಡಿದ. ಒಳಗಿರುವುದನ್ನು ಒಂದು ಸಲವಾದರೂ ತೋರಿಸಬೇಕು ಎಂದರಲ್ಲ, ತೋರಿಸಿಯೇಬಿಡುವುದು. ನಾಳೆ ಕೈ ಬಂದಾಗ ಪದ್ಧತಿ ಮುರಿದು ಹಿಂದೆ ತಿರುಗುವುದು. ತಿರುಗಿ ಏನು ಹೇಳುವುದೆಂದು ಸೇತುವೆಯ ಮೇಲೆ ಎರಡು ಸಲ ಅಭ್ಯಾಸವನ್ನೂ ಮಾಡಿದ. ಪ್ರಾರ್ಥನೆಯ ನಂತರ ಒಂದು ಲೋಟ ಚಹಾ ಕುಡಿಯೋಣವೇ, ಇಷ್ಟೇ ಮಾತು.

ಐದಕ್ಕೆ ಹತ್ತು ನಿಮಿಷ ಇರುವಾಗ ಮಿಸ್ ಕ್ಲೂನಿಯ ಅಂಗಡಿ ಮೆಟ್ಟಿಲು ಹತ್ತಿದ. ಆಕೆಗೆ ಅರವತ್ತೆರಡು. ಯಾವಾಗಲೂ ತುಟಿಗಳ ನಡುವೆ ಏಳೆಂಟು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು. ಮಾತು ಎಷ್ಟು ಬೇಕೋ ಅಷ್ಟೇ ಹೊರಗೆ ಬರುತ್ತಿತ್ತು. ಇವತ್ತು ಬಾಯಲ್ಲಿ ಸೂಜಿ ಇರಲಿಲ್ಲ. ತಲೆ ಬಾಚಿಕೊಂಡಿದ್ದಳು. ಮೇಜಿನ ಒಂದು ಬದಿಯಲ್ಲಿ ಅವನ ಬಟ್ಟೆ, ಇನ್ನೊಂದು ಬದಿಯಲ್ಲಿ ಚಹಾದ ಎರಡು ಕಪ್ಪು.

"ಪಟ್ಟೆ" ಎಂದ ಡೂಗಲ್, ಬಾಗಿಲಲ್ಲೇ ನಿಂತು. "ಕೆಂಪು ಗೆರೆ ಮೇಲೆ ಬರೋ ಹಾಗೆ."

"ಗೊತ್ತಾಯ್ತು. ಮಿಸೆಸ್ ಮಂಕರ್ ಬಂದು ಹೇಳಿದ್ರು, ಮೂರೂವರೆಗೆ" ಎಂದಳು ಮಿಸ್ ಕ್ಲೂನಿ, ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಮೊದಲ ಗುರುತು ಹಾಕುತ್ತಾ. "ಬಹಳ ದೊಡ್ಡ ಮನಸ್ಸು ಅವರದು. ಬೆಂಚು ಬದಲಾಯಿಸಿಕೊಳ್ಳೋಣ ಅಂದ್ರು."

ಆಕ್‌ಮೋರ್‌ನಲ್ಲಿ ಮನೆ ಬದಲಾಯಿಸುವವರುಂಟು, ಧರ್ಮ ಬದಲಾಯಿಸಿದವನೂ ಒಬ್ಬನಿದ್ದ. ಚರ್ಚಿನ ಬೆಂಚು ಬದಲಾಯಿಸಿದವರು ಯಾರೂ ಇಲ್ಲ. ಅಜ್ಜಿ ಕೂತ ಜಾಗದಲ್ಲೇ ಮೊಮ್ಮಗಳು ಕೂರಬೇಕು. ಡೂಗಲ್‌ಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು.

"ಯಾವ ಬೆಂಚು?"

"ನಿಮ್ಮ ಹಿಂದಿನದು ನನಗೆ, ನಂದು ಅವರಿಗೆ. ಕಂಬದ ಹಿಂದೆ ಇದೆಯಲ್ಲ, ಅದು. ಯಾರಿಗೋಸ್ಕರ ಹೊಲಿಸ್ತಿದ್ದಾರೋ ಅವರೇ ಹಿಂದೆ ಕೂತು ನೋಡ್ಬೇಕು ಅಂದ್ರು. 'ಹನ್ನೊಂದು ವರ್ಷ ಆ ಬೆನ್ನು ನೋಡಿದ್ದೀನಿ, ಇನ್ಮೇಲೆ ಅದು ನಿಮ್ಮದು' ಅಂದ್ರು. ಪಾದ್ರಿಗಳಿಗೂ ಹೇಳಿ ಆಯ್ತಂತೆ."

ಮಿಸೆಸ್ ಮಂಕರ್ ನೋಡುತ್ತಿದ್ದರು. ಹನ್ನೊಂದು ವರ್ಷವೂ ನೋಡುತ್ತಿದ್ದರು. ಅದನ್ನು ತಿಳಿದದ್ದೂ ಕಳೆದುಕೊಂಡದ್ದೂ ಒಂದೇ ಉಸಿರಿನಲ್ಲಿ ಆಗಿಹೋಯಿತು.

"ಮಿಸ್ ಕ್ಲೂನಿ, ಅದು ಏನಂದ್ರೆ..."

ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಮೂವತ್ತು ವರ್ಷದಿಂದ ಈ ಊರಿನ ಗಂಡಸರ ಸೊಂಟ ಅಳೀತಾ ಇದ್ದೀನಿ, ರಿಂಟೂಲ್ ಅವರೇ. ಅಳತೆ ಕೊಟ್ಟ ಮೇಲೆ ಸುಮ್ಮನೆ ಮಾತಾಡೋಕೆ ಅಂತ ಒಬ್ಬರೂ ಈ ಮೆಟ್ಟಿಲು ಹತ್ತಿಲ್ಲ. ನೀವು ಒಂಬತ್ತು ಸಲ ಬಂದ್ರಿ. ನಾನು ದಡ್ಡಿ, ನೆರಿಗೆ ವಿಚಾರಕ್ಕೇ ಬರ್ತಿದ್ದಾರೆ ಅಂದ್ಕೊಂಡಿದ್ದೆ." ಅವಳ ದನಿ ಸ್ವಲ್ಪ ನಡುಗಿತು. ಬಾಯಲ್ಲಿ ಸೂಜಿ ಇಲ್ಲದೆ ಮಾತಾಡಿ ಅಭ್ಯಾಸ ಇರಲಿಲ್ಲವೇನೋ.

ಡೂಗಲ್ ಆ ಮುಖ ನೋಡಿದ. ಕಿಟಕಿಯ ಬಳಿ ಯಾವಾಗಲೂ ಒಂದೇ ಕುರ್ಚಿ ಇರುತ್ತಿತ್ತು. ಇನ್ನೊಂದನ್ನು ಇವತ್ತು ಎಲ್ಲಿಂದಲೋ ತಂದು ಒರೆಸಿ ಹಾಕಿದ್ದಳು. ಆ ಎರಡನೆಯ ಕುರ್ಚಿಯ ಅರ್ಥ ಊರಿನಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ಅವನಿಗೆ ತಿಳಿಯುತ್ತಿತ್ತು. ಬೆಳಿಗ್ಗೆ ಬಾಯಿಗೆ ಬಾರದ ಎರಡಕ್ಷರ ಈಗ ಗಂಟಲವರೆಗೆ ಬಂದು ಅಲ್ಲೇ ನಿಂತಿತು.

"ನಿಧಾನ" ಎಂದಳು ಅವಳು. "ನೆರಿಗೆಗೇ ಆರು ವಾರ ತಗೊಂಡೋರು, ಮಿಕ್ಕಿದ್ದು ಹೇಳೋಕೆ ಆರು ತಿಂಗಳಾದ್ರೂ ತಗೊಳ್ಳಿ. ಚಹಾ ಆರುತ್ತೆ, ಕೂತ್ಕೊಳ್ಳಿ."

ಅವನು ಕೂತು ಚಹಾ ಕುಡಿದ. ಅಲ್ಲಿಗೆ ಎರಡನೆಯ ಸಲವೂ ಒಪ್ಪಿದಂತಾಯಿತು.

ಮರುದಿನ ಭಾನುವಾರ. ಕಿಲ್ಟಿಗೆ ಇನ್ನೂ ಒಂದು ತಿಂಗಳಿತ್ತು, ಆದ್ದರಿಂದ ಅದೇ ಕಂದು ಕೋಟು. ಪಾದ್ರಿಗಳು ಪ್ರವಚನ ಶುರುಮಾಡಿದರು. ಹಿಂದಿನಿಂದ ಒಂದು ಕೈ ಭುಜದ ಮೇಲೆ ಬಂತು. ಕೈಗವಸಿಲ್ಲ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಅಂಗೈಯಲ್ಲಿ ಕೆಮ್ಮಿನ ಗುಳಿಗೆ.

"ಪೆಪ್ಪರಮಿಂಟ್ ನನ್ನ ಹಲ್ಲಿಗೆ ಆಗಲ್ಲ, ಮನೇಲಿ ಇದೇ ಇತ್ತು" ಎಂದು ಮಿಸ್ ಕ್ಲೂನಿ ಪಿಸುಗುಟ್ಟಿದಳು. ಆಮೇಲೆ ಸ್ವಲ್ಪ ತಡೆದು, ಕಸುಬಿನವಳ ಪ್ರಾಮಾಣಿಕತೆಯಿಂದ ಇನ್ನೊಂದು ಮಾತು ಸೇರಿಸಿದಳು. "ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿಂದ ಬೆಂಚಿನ ಹಲಗೆ ಅಡ್ಡ ಬರುತ್ತೆ. ನೀವು ಎದ್ದು ನಿಂತಾಗ್ಲೂ ಸೊಂಟದಿಂದ ಕೆಳಗೆ ಏನೂ ಕಾಣಲ್ಲ. ಯಾವ ನೆರಿಗೆ ಆಗಿದ್ರೂ ಒಂದೇ."

ಡೂಗಲ್ ಮುಂದೆಯೇ ನೋಡುತ್ತಾ ಕೂತ. ಹಾಗಾದರೆ ಹನ್ನೊಂದು ವರ್ಷ ಮಿಸೆಸ್ ಮಂಕರ್ ನೋಡಿದ್ದು ಏನು? ಈ ಹಳೆಯ ಕೋಟಿನ ಭುಜ, ತೆಳುವಾಗುತ್ತಿರುವ ಕೂದಲು, ಎರಡು ಕಿವಿ. ಅಷ್ಟೇ ಅವರಿಗೆ ಸಾಕಾಗಿತ್ತು. ಕಿಲ್ಟೇ ಬೇಕಿರಲಿಲ್ಲ.

ಕಂಬದ ಹಿಂದಿನಿಂದ ಪೆಪ್ಪರಮಿಂಟಿನ ಕಾಗದದ ಚೀಲ ಬಿಚ್ಚುವ ಸಣ್ಣ ಸದ್ದು ಬಂತು. ಎಂದಿನ ಹೊತ್ತಿಗೆ, ಎಂದಿನ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಮತ್ತೆ ಮಡಿಸಿಡುವ ಸದ್ದೂ ಬಂತು. ಡೂಗಲ್ "ಥ್ಯಾಂಕ್ಸ್" ಎಂದು ಹೇಳಿ, ತಿರುಗದೆ, ಕೆಮ್ಮಿನ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ.